ರಾಜ-ರಾಣಿಯರ ಸ್ಮರಣಾರ್ಥ ನಾಣ್ಯಗಳ ಬೆಲೆ: ದಾವಣಗೆರೆ, ಚಿತ್ರದುರ್ಗದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಅಜ್ಜಿಯ ಟ್ರಂಕಿನ ತಳದಲ್ಲಿ, ದೇವರ ಗೂಡಿನ ಬೆಳ್ಳಿ ಬಟ್ಟಲಿನಲ್ಲಿ, ಲಂಡನ್ನಿನಲ್ಲಿರುವ ಮಗ ತಂದುಕೊಟ್ಟ ನೀಲಿ ಡಬ್ಬಿಯಲ್ಲಿ ರಾಜರ ಅಥವಾ ರಾಣಿಯರ ಮುಖವುಳ್ಳ ನಾಣ್ಯಗಳನ್ನು ಜೋಪಾನ ಮಾಡಿರುವ ಮನೆಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹಳ ಇವೆ. ಬಹುಕಾಲದಿಂದ ನಾಣ್ಯ ಸಂಗ್ರಹಿಸುತ್ತಿರುವುದರಿಂದ ಇಂತಹ ನಾಣ್ಯಗಳನ್ನು ಹಿಡಿದುಕೊಂಡು ನನ್ನಲ್ಲಿಗೆ ಬರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಅಜ್ಜಿಯ ಕಾಲದ ರಾಣಿ ಛಾಪಿನ ಬೆಳ್ಳಿ ರೂಪಾಯಿ ಸ್ಮರಣಾರ್ಥ ನಾಣ್ಯವೇ?

ಅಲ್ಲ. ಅದು ಆಗಿನ ದಿನಬಳಕೆಯ ಹಣ. ಬ್ರಿಟಿಷ್ ಇಂಡಿಯಾದಲ್ಲಿ ರಾಜ್ಯಾಭಿಷೇಕವನ್ನೋ ರಜತೋತ್ಸವವನ್ನೋ ನೆನಪಿಸಲೆಂದು ಚಲಾವಣೆಯ ನಾಣ್ಯ ಹೊರಡಲಿಲ್ಲ. ಸಿಂಹಾಸನದಲ್ಲಿ ಯಾರಿದ್ದರೋ ಅವರ ಮುಖವನ್ನು ಎಲ್ಲ ರೂಪಾಯಿಗಳ ಮೇಲೂ ಅಚ್ಚು ಹಾಕುತ್ತಿದ್ದರು, ಅಷ್ಟೆ. ನಮ್ಮ ದೇಶದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ಜವಾಹರಲಾಲ್ ನೆಹರೂ ಅವರ ನೆನಪಿಗೆ. ಬ್ರಿಟಿಷರ ಕಾಲದಲ್ಲಿ, ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದ ದಾವಣಗೆರೆಯ ಹತ್ತಿ ಮಂಡಿಗಳಲ್ಲಿ ಎಣಿಸಿ ಕೊಟ್ಟ ರೂಪಾಯಿಗಳೂ ಇದೇ ಇಂಗ್ಲಿಷ್ ರೂಪಾಯಿಗಳು. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲೇ ಮುಚ್ಚಿದ ಮೇಲೆ ಸಂಸ್ಥಾನಕ್ಕೆ ಸ್ವಂತ ನಾಣ್ಯ ಇರಲಿಲ್ಲ.

ಈ ವ್ಯತ್ಯಾಸವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಬಳಕೆಯ ನಾಣ್ಯ ಕೈಯಿಂದ ಕೈಗೆ ಸವೆದು, ಕರಗಿ, ಕಳೆದುಹೋಗಿ ಉಳಿದದ್ದು. ಸ್ಮರಣಾರ್ಥ ನಾಣ್ಯವನ್ನು ಕೊಂಡವರೆಲ್ಲ ಮೊದಲ ದಿನದಿಂದಲೇ ಎತ್ತಿಟ್ಟಿರುತ್ತಾರೆ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದು ಕಷ್ಟ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಹಾಗಾದರೆ ರಾಜಮನೆತನದ ಸ್ಮರಣಾರ್ಥ ನಾಣ್ಯ ಎಂದು ಯಾವುದನ್ನು ಕರೆಯಬೇಕು?

ನಮ್ಮ ಕಡೆ ಹೆಚ್ಚು ಕಾಣುವುದು ಬ್ರಿಟನ್ನಿನ ಕ್ರೌನ್ ನಾಣ್ಯಗಳು. 38.61 ಮಿಲಿಮೀಟರ್ ಅಗಲ, 28.28 ಗ್ರಾಂ ತೂಕದ ಈ ದೊಡ್ಡ ನಾಣ್ಯಗಳನ್ನು ರಾಜ್ಯಾಭಿಷೇಕ, ಮದುವೆ, ಆಳ್ವಿಕೆಯ ವರ್ಷೋತ್ಸವಗಳಿಗೆ ಟಂಕಿಸುತ್ತ ಬಂದಿದ್ದಾರೆ. ಐದನೇ ಜಾರ್ಜನ ರಜತೋತ್ಸವಕ್ಕೆ 1935ರಲ್ಲಿ, ಆರನೇ ಜಾರ್ಜನ ಪಟ್ಟಾಭಿಷೇಕಕ್ಕೆ 1937ರಲ್ಲಿ, ಎರಡನೇ ಎಲಿಜಬೆತ್ ಅವರ ಪಟ್ಟಾಭಿಷೇಕಕ್ಕೆ 1953ರಲ್ಲಿ, ರಜತೋತ್ಸವಕ್ಕೆ 1977ರಲ್ಲಿ ಬಂದವು ಎಲ್ಲರಿಗೂ ಪರಿಚಿತ. ನಮ್ಮ ದೇಶೀ ಸಂಸ್ಥಾನಗಳಲ್ಲಿ ಬಿಕಾನೇರಿನ ಮಹಾರಾಜ ಗಂಗಾಸಿಂಗರ ಆಳ್ವಿಕೆಗೆ ಐವತ್ತು ವರ್ಷ ತುಂಬಿದಾಗ 1937ರಲ್ಲಿ ಬಂದ ರೂಪಾಯಿ ಹೆಸರುವಾಸಿ. ಆದರೆ ಅದಕ್ಕೆ ಆಮೇಲೆ ಟಂಕಿಸಿದ ಪ್ರತಿಗಳೂ ಇರುವುದರಿಂದ ನೋಡದೆ ಕೊಳ್ಳುವಂತಿಲ್ಲ. ಸ್ವತಂತ್ರ ಭಾರತದ ಸರ್ಕಾರವೂ ಮಹಾರಾಣಾ ಪ್ರತಾಪರ 475ನೇ ಜಯಂತಿಗೆ 2015ರಲ್ಲಿ, ಗ್ವಾಲಿಯರಿನ ರಾಜಮಾತೆ ವಿಜಯರಾಜೇ ಸಿಂಧಿಯಾ ಅವರ ಜನ್ಮಶತಾಬ್ದಿಗೆ 2020ರಲ್ಲಿ 100 ರೂಪಾಯಿ ಮುಖಬೆಲೆಯ ನಾಣ್ಯಗಳನ್ನು ತಂದಿತು. ಇವು ಅಂಗಡಿಯಲ್ಲಿ ಚಿಲ್ಲರೆಯಾಗಿ ಸಿಗುವುದಿಲ್ಲ. ಟಂಕಸಾಲೆಯಿಂದ ಹಣ ಕಟ್ಟಿ ತರಿಸಿಕೊಳ್ಳಬೇಕು.

ಪದಕಗಳನ್ನು ನಾಣ್ಯ ಎಂದುಕೊಂಡು ತರುವವರೂ ಬಹಳ ಮಂದಿ. 1911ರ ದೆಹಲಿ ದರ್ಬಾರಿನ ಬೆಳ್ಳಿ ಪದಕ, ಮೈಸೂರು ಮಹಾರಾಜರ ಸಮಾರಂಭಗಳಲ್ಲಿ ಕೊಟ್ಟ ಗಂಡಭೇರುಂಡದ ಪದಕ ಇತ್ಯಾದಿಗಳಿಗೆ ಮುಖಬೆಲೆ ಇಲ್ಲ, ಇವು ಹಣವಲ್ಲ. ಹಾಗೆಂದು ಕಡೆಗಣಿಸಬಾರದು. ಪದಕ ಸಂಗ್ರಾಹಕರ ಬಳಗವೇ ಬೇರೆ, ಮತ್ತು ಯಾರಿಗೆ ಯಾವಾಗ ಸಂದದ್ದು ಎಂಬುದಕ್ಕೆ ಒಂದು ಕಾಗದವೋ ಹಳೆಯ ಫೋಟೋವೋ ಜೊತೆಗಿದ್ದರೆ ನಾಣ್ಯಕ್ಕಿಂತ ಪದಕಕ್ಕೇ ಅದು ಹೆಚ್ಚು ಲಾಭ ತರುತ್ತದೆ.

ಚಾರ್ಲ್ಸ್ ಮತ್ತು ಡಯಾನಾ ಮದುವೆಯ 1981ರ ನಾಣ್ಯ ನಮ್ಮಲ್ಲಿದೆ. ಲಕ್ಷ ರೂಪಾಯಿ ಬರುತ್ತದೆ ಎಂದು ಹೇಳುತ್ತಾರೆ, ನಿಜವೇ?

ನಿಜವಲ್ಲ. ನಾಲ್ಕೈದು ಬಾರಿಯಾದರೂ ಈ ಮಾತನ್ನು ಹೇಳಿ ಎದುರಿಗಿದ್ದವರ ಮುಖ ಬಾಡಿದ್ದನ್ನು ನೋಡಿದ್ದೇನೆ. ಆದರೂ ಹೇಳದೆ ಇರಲಾಗುವುದಿಲ್ಲ.

ಆ ನಾಣ್ಯವನ್ನು ಸುಮಾರು 2.7 ಕೋಟಿ ಸಂಖ್ಯೆಯಲ್ಲಿ ಟಂಕಿಸಿದ್ದಾರೆ. 1977ರ ರಜತೋತ್ಸವದ ನಾಣ್ಯ ಇನ್ನೂ ಹೆಚ್ಚು, ಸುಮಾರು 3.7 ಕೋಟಿ. ಹೊಳೆಯುವುದರಿಂದ ಬೆಳ್ಳಿ ಎಂದುಕೊಳ್ಳುತ್ತಾರೆ. ಅದು ತಾಮ್ರ ಮತ್ತು ನಿಕಲ್ ಬೆರೆಸಿದ ಲೋಹ. ಮುಖಬೆಲೆ 25 ಪೆನ್ಸ್, ಅಂದರೆ ಕಾಲು ಪೌಂಡ್, ಅದನ್ನೂ ನಾಣ್ಯದ ಮೇಲೆ ಬರೆದಿಲ್ಲ. ಬ್ರಿಟನ್ನಿನಲ್ಲೇ ಒಂದೆರಡು ಪೌಂಡಿಗೆ ಈ ನಾಣ್ಯ ಸಿಗುವಾಗ ದಾವಣಗೆರೆಯಲ್ಲಿ ಅದಕ್ಕೆ ಲಕ್ಷ ಕೊಡುವವರು ಎಲ್ಲಿಂದ ಬರಬೇಕು?

ಇದೇ ನಾಣ್ಯದ ಬೆಳ್ಳಿಯ ಪ್ರೂಫ್ ಪ್ರತಿಯೂ, ಅಂದರೆ ಸಂಗ್ರಾಹಕರಿಗೆಂದೇ ವಿಶೇಷವಾಗಿ ಟಂಕಿಸಿದ ಪ್ರತಿಯೂ ಉಂಟು. ತಳ ಕನ್ನಡಿಯಂತೆ ಹೊಳೆದು ಚಿತ್ರ ಮಾತ್ರ ಮಂಜು ಕವಿದಂತೆ ಬೆಳ್ಳಗೆ ಕಂಡರೆ ಅದು ಪ್ರೂಫ್ ಆಗಿರುವ ಸಾಧ್ಯತೆ ಇದೆ. ಅದರಲ್ಲಿ 26 ಗ್ರಾಮಿಗೆ ತುಸು ಹೆಚ್ಚು ಅಪ್ಪಟ ಬೆಳ್ಳಿ ಇರುತ್ತದೆ. ಆದರೆ ಅಂತಹವೂ ಲಕ್ಷಗಳ ಲೆಕ್ಕದಲ್ಲಿ ಹೊರಬಂದಿರುವುದರಿಂದ ಬೆಳ್ಳಿಯ ಧಾರಣೆಯನ್ನು ಬಿಟ್ಟು ಬಹಳ ಮೇಲೆ ಹೋಗುವುದಿಲ್ಲ. ಹೋಲಿಸಿ ನೋಡಬೇಕಾದರೆ, ರಾಜಮನೆತನದ ಯಾವ ಸಮಾರಂಭಕ್ಕೂ ಸಂಬಂಧಿಸದ, 2009ರಲ್ಲಿ ಕ್ಯೂ ಗಾರ್ಡನ್ಸ್ ಸಸ್ಯೋದ್ಯಾನದ ನೆನಪಿಗೆ ಬಂದ 50 ಪೆನ್ಸ್ ನಾಣ್ಯ ಕೇವಲ 2.1 ಲಕ್ಷ ಟಂಕಿತವಾಯಿತು. ಬ್ರಿಟನ್ನಿನ ಜನ ಇಂದಿಗೂ ಚಿಲ್ಲರೆಯಲ್ಲಿ ಹುಡುಕುವುದು ಅದನ್ನೇ.

ಸಂಖ್ಯೆ ಕಡಿಮೆ ಇದ್ದರೆ ಬೆಲೆ ಹೆಚ್ಚು ಎಂದಾಯಿತಲ್ಲವೇ?

ಅರ್ಧ ನಿಜ. 1935ರ ಕ್ರೌನ್ ಸುಮಾರು 7.15 ಲಕ್ಷ, 1937ರದು ಸುಮಾರು 4.19 ಲಕ್ಷ ಮಾತ್ರ. 1953ರದು ಸುಮಾರು 59.6 ಲಕ್ಷ. ಹಾಗಿದ್ದೂ 1935ರ ನಾಣ್ಯ ಯಾರ ಕೈಗೂ ನಿಲುಕದ ಬೆಲೆಯದ್ದಲ್ಲ, ಏಕೆಂದರೆ ಅದನ್ನು ಕೊಂಡವರು ಖರ್ಚು ಮಾಡದೆ ಉಳಿಸಿಕೊಂಡರು. ಅದರ ಮೇಲಿನ ಸಂತ ಜಾರ್ಜನ ಕುದುರೆ ಮಕ್ಕಳ ಆಟದ ತೂಗುಕುದುರೆಯಂತೆ ಬಿಗಿದುಕೊಂಡು ನಿಂತಿರುವುದರಿಂದ ಆ ನಾಣ್ಯಕ್ಕೆ ಅದೇ ಅಡ್ಡಹೆಸರು ಬಿದ್ದಿದೆ, ಮತ್ತು ಆ ವಿನ್ಯಾಸಕ್ಕಾಗಿಯೇ ಅದನ್ನು ಇಷ್ಟಪಡುವವರಿದ್ದಾರೆ. ನನಗೂ ಅದು ಬಹಳ ಪ್ರಿಯವಾದ ನಾಣ್ಯ. ಎಷ್ಟು ಟಂಕಿಸಿದರು, ಎಷ್ಟು ಉಳಿದಿದೆ, ಉಳಿದದ್ದು ಯಾವ ಸ್ಥಿತಿಯಲ್ಲಿದೆ, ಬೇಕೆನ್ನುವವರು ಎಷ್ಟು ಮಂದಿ ಎಂಬ ನಾಲ್ಕನ್ನೂ ಒಟ್ಟಿಗೆ ತೂಗಿ ನೋಡದೆ ಬೆಲೆ ಕಟ್ಟಲಾಗದು.

ಹಳೆಯದಾದಷ್ಟೂ ಬೆಲೆ ಏರುವುದಿಲ್ಲವೇ?

ಚಿತ್ರದುರ್ಗದವರಿಗೆ ಇದರ ಉತ್ತರ ಊರ ಪಕ್ಕದಲ್ಲೇ ಇದೆ. ಚಂದ್ರವಳ್ಳಿಯ ಉತ್ಖನನಗಳಲ್ಲಿ ಸಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಎರಡೂ ಸುಮಾರು ಎರಡು ಸಾವಿರ ವರ್ಷ ಹಳೆಯವು. ಆದರೂ ಮಾರುಕಟ್ಟೆಯಲ್ಲಿ ಸವೆದ ಸಾತವಾಹನ ಸೀಸದ ನಾಣ್ಯವೊಂದು ಕೆಲವು ನೂರು ರೂಪಾಯಿಗೆ ಕೈಬದಲಾಗುವುದುಂಟು. ನೂರು ವರ್ಷವೂ ತುಂಬದ 1939ರ ಬೆಳ್ಳಿ ರೂಪಾಯಿ ಅದರ ಎಷ್ಟೋ ಪಟ್ಟು ಬೆಲೆ ತರುತ್ತದೆ. ವಯಸ್ಸೊಂದೇ ಬೆಲೆ ತರುವುದಿಲ್ಲ.

ಎಂಟನೇ ಎಡ್ವರ್ಡನ ನಾಣ್ಯ ಬಹಳ ಅಪರೂಪ ಎನ್ನುತ್ತಾರಲ್ಲ?

ಹೌದು, ಆದರೆ ಯಾವುದು ಅಪರೂಪ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. 1936ರ ಜನವರಿಯಲ್ಲಿ ಪಟ್ಟಕ್ಕೆ ಬಂದ ಎಡ್ವರ್ಡ್ ಅದೇ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟ. ಅವನ ಪಟ್ಟಾಭಿಷೇಕಕ್ಕೆ 1937ರ ಮೇ 12ರ ದಿನ ಗೊತ್ತಾಗಿತ್ತು. ಅದೇ ದಿನ ಅವನ ತಮ್ಮ ಆರನೇ ಜಾರ್ಜನಿಗೆ ಕಿರೀಟ ತೊಡಿಸಲಾಯಿತು. ಅಷ್ಟರಲ್ಲಾಗಲೇ ಎಡ್ವರ್ಡನ ಪಟ್ಟಾಭಿಷೇಕದ ಪದಕಗಳು, ಪಿಂಗಾಣಿ ಲೋಟಗಳು ರಾಶಿರಾಶಿಯಾಗಿ ತಯಾರಾಗಿ ಮಾರಾಟವಾಗಿದ್ದವು. ನಡೆಯದೇ ಹೋದ ಸಮಾರಂಭದ ಪದಕ ಎಂದ ಮಾತ್ರಕ್ಕೆ ಅದು ಅಮೂಲ್ಯವಲ್ಲ. ಅಮೂಲ್ಯವಾದದ್ದು ಅವನ ಮುಖವಿರುವ, ಚಲಾವಣೆಗೆ ಬಾರದೆ ಉಳಿದ ಕೆಲವೇ ಮಾದರಿ ನಾಣ್ಯಗಳು. ಅವುಗಳಲ್ಲಿ ಒಂದು ಚಿನ್ನದ ಸವರನ್ 2020ರಲ್ಲಿ ಹತ್ತು ಲಕ್ಷ ಪೌಂಡಿಗೆ ಮಾರಾಟವಾಯಿತು. ಬ್ರಿಟಿಷ್ ಇಂಡಿಯಾ ಅವನ ಹೆಸರಿನಲ್ಲಿ ಒಂದು ನಾಣ್ಯವನ್ನೂ ತರಲಿಲ್ಲ. ಆದರೆ ಗುಜರಾತಿನ ಕಛ್ ಸಂಸ್ಥಾನ ತನ್ನ ಕೋರಿ ನಾಣ್ಯಗಳ ಮೇಲೆ ಎಂಟನೇ ಎಡ್ವರ್ಡನ ಹೆಸರನ್ನು ಹಾಕಿತು. ಲಂಡನ್ನಿನಲ್ಲೇ ಚಲಾವಣೆಗೆ ಬಾರದ ರಾಜನ ಹೆಸರು ಕಛ್ ಪ್ರಾಂತ್ಯದ ಪೇಟೆಗಳಲ್ಲಿ ಓಡಾಡಿತು ಎನ್ನುವುದು ನಾಣ್ಯಪ್ರಿಯರಿಗೆ ಎಂದಿಗೂ ಹಳತಾಗದ ಸಂಗತಿ, ಮತ್ತು ಅದನ್ನು ಸಾಧಾರಣ ಸಂಗ್ರಾಹಕನೂ ಕೊಳ್ಳಬಹುದು.

ಬೆಳ್ಳಿ ರೂಪಾಯಿಗಳಲ್ಲಿ ಯಾವ ವರ್ಷದ್ದನ್ನು ಬೇರೆ ತೆಗೆದಿಡಬೇಕು?

ಪೆಟ್ಟಿಗೆಯಲ್ಲಿರುವುದೆಲ್ಲವನ್ನೂ ಮೊದಲು ಇಸವಿಯ ಪ್ರಕಾರ ಜೋಡಿಸಿರಿ. 1911ರ ಐದನೇ ಜಾರ್ಜನ ರೂಪಾಯಿ ಸಿಕ್ಕರೆ ಅದನ್ನು ಒಡನೆ ಪಕ್ಕಕ್ಕಿಡಿ. ರಾಜನ ನಿಲುವಂಗಿಯ ಮೇಲಿನ ಹಾರದಲ್ಲಿ ಕೆತ್ತಿದ್ದ ಆನೆಯ ಸೊಂಡಿಲು ತೀರ ಗಿಡ್ಡವಾಗಿ, ನೋಡಿದವರಿಗೆ ಹಂದಿಯಂತೆ ಕಂಡು, ಮುಸ್ಲಿಮರ ಮನಸ್ಸಿಗೆ ನೋವಾಗಿ, ಸರ್ಕಾರ ಹೆಚ್ಚಿನ ನಾಣ್ಯಗಳನ್ನು ಕರಗಿಸಿತು. 1912ರಿಂದ ಆನೆಯನ್ನು ತಿದ್ದಿ ಕೆತ್ತಲಾಯಿತು. ಹಂದಿ ರೂಪಾಯಿ ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ.

1862ರ ರೂಪಾಯಿ ಬಹಳ ಹಳೆಯದೆಂದು ಹಿಗ್ಗುವವರಿದ್ದಾರೆ. ಆ ಇಸವಿಯನ್ನೇ ಹಾಕಿ ಹತ್ತು ವರ್ಷಕ್ಕೂ ಮಿಕ್ಕಿ ಟಂಕಿಸುತ್ತ ಹೋದದ್ದರಿಂದ ಅದು ಸಾಮಾನ್ಯ ನಾಣ್ಯ. ಇಸವಿಯ ಕೆಳಗೆ, ಹೂಬಳ್ಳಿಯ ಬಳಿ ಇರುವ ಚುಕ್ಕೆಗಳ ಲೆಕ್ಕದಲ್ಲಿ ಮಾತ್ರ ಕೆಲವು ವಿರಳ ಬಗೆಗಳಿವೆ. ಅವುಗಳನ್ನು ಭೂತಗನ್ನಡಿ ಹಿಡಿದು ಎಣಿಸಬೇಕು. 1877ರಿಂದ ವಿಕ್ಟೋರಿಯಾ ಹೆಸರಿನ ಮುಂದೆ ರಾಣಿ ಎಂಬುದರ ಬದಲು ಸಾಮ್ರಾಜ್ಞಿ ಎಂದು ಬರುತ್ತದೆ. ಆರನೇ ಜಾರ್ಜನ 1939ರ ರೂಪಾಯಿ ನಿಜಕ್ಕೂ ವಿರಳ. ವಿರಳವಾದ್ದರಿಂದಲೇ 1938ರ ಕೊನೆಯ ಅಂಕಿಯನ್ನು ಕೆರೆದು ತಿದ್ದಿದವೂ ಓಡಾಡುತ್ತವೆ.

ಮನೆಯಲ್ಲಿ ತಾಮ್ರದ ಹಳೆಯ ಕಾಸು ಸಿಕ್ಕು, ಅದರ ಮೇಲೆ ಕನ್ನಡದಲ್ಲಿ ‘ಶ್ರೀ ಚಾಮುಂಡಿ’, ‘ಮಯಿಲಿ ಕಾಸು’ ಎಂದಿದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಪೇಟೆಯ ಬೆಲೆ ಸಾಧಾರಣವೇ. ಆದರೂ ನಮ್ಮ ಅಕ್ಷರವನ್ನು ಹೊತ್ತ ನಾಣ್ಯ ಅದು. ಮಾರುವ ಮೊದಲು ಮತ್ತೊಮ್ಮೆ ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ.

ಚಿನ್ನಬೆಳ್ಳಿ ಅಂಗಡಿಯವರು ತೂಕದ ಬೆಲೆ ಮಾತ್ರ ಹೇಳುತ್ತಾರೆ. ಮೋಸವೇ?

ಮೋಸವೆನ್ನಲಾಗದು. ಅವರದು ಲೋಹದ ವ್ಯಾಪಾರ. ಆದರೆ ಆ ಲೆಕ್ಕ ನಿಮಗೂ ತಿಳಿದಿರಬೇಕು. 1939ರವರೆಗಿನ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಸುಮಾರು 10.69 ಗ್ರಾಂ, ಅಪ್ಪಟ ಬೆಳ್ಳಿ. 1940ರಿಂದ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದ್ದರಿಂದ 5.83 ಗ್ರಾಂ ಮಾತ್ರ. 1947ರ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್. 1935 ಮತ್ತು 1937ರ ಕ್ರೌನ್‌ಗಳಲ್ಲಿ 14.14 ಗ್ರಾಂ ಬೆಳ್ಳಿ. 1953ರ ಮಾಮೂಲಿ ಕ್ರೌನಿನಲ್ಲಿ ಏನೂ ಇಲ್ಲ. ಚಿನ್ನದ ಸವರನ್ ಆದರೆ 7.988 ಗ್ರಾಂ ತೂಕ, 22 ಕ್ಯಾರೆಟ್, ಅಪ್ಪಟ ಚಿನ್ನ 7.32 ಗ್ರಾಂ. ಆ ದಿನದ ಧಾರಣೆಯಿಂದ ಗುಣಿಸಿದರೆ ನಿಮ್ಮ ನಾಣ್ಯದ ಕನಿಷ್ಠ ಬೆಲೆ ಸಿಕ್ಕಿತು. ಮಾಮೂಲಿ, ಸವೆದ ನಾಣ್ಯಕ್ಕೆ ಆ ಬೆಲೆಯೇ ನ್ಯಾಯವಾದದ್ದು.

ಸವರನ್ ಇದ್ದವರು 1918ರದ್ದೇ ಎಂದು ನೋಡಿಕೊಳ್ಳಲಿ. ಮೊದಲ ಮಹಾಯುದ್ಧದ ಆ ಒಂದೇ ವರ್ಷ ಮುಂಬಯಿಯಲ್ಲಿ ಸವರನ್ ಟಂಕಿತವಾಯಿತು, ಇಂಡಿಯಾ ಎಂಬುದರ ಮೊದಲ ಇಂಗ್ಲಿಷ್ ಅಕ್ಷರ ಅದರ ಗುರುತು.

ದೀಪಾವಳಿಗೆ ಲಕ್ಷ್ಮೀಪೂಜೆ ಮಾಡುವಾಗ ನಾಣ್ಯಗಳನ್ನು ಹುಣಸೆಹಣ್ಣಿನಿಂದ ತೊಳೆಯುತ್ತೇವೆ. ತೊಂದರೆ ಇದೆಯೇ?

ಇದೆ. ಈ ಒಂದು ವಿಷಯದಲ್ಲಿ ನಾನು ಕೈಮುಗಿದು ಕೇಳಿಕೊಳ್ಳುವುದುಂಟು. ಹುಣಸೆಯ ಹುಳಿ ನಾಣ್ಯದ ಮೇಲ್ಪದರವನ್ನು ತಿನ್ನುತ್ತದೆ; ವಿಭೂತಿ, ಸೀಗೆಪುಡಿ, ಪಾತ್ರೆ ತೊಳೆಯುವ ಪುಡಿ ಕಣ್ಣಿಗೆ ಕಾಣದ ಸಾವಿರ ಗೀರುಗಳನ್ನು ಎಳೆಯುತ್ತವೆ. ನೂರು ವರ್ಷದಲ್ಲಿ ಬೆಳ್ಳಿಯ ಮೇಲೆ ಬಂದ ಕಪ್ಪು, ನೀಲಿ, ಹೊಂಬಣ್ಣದ ಛಾಯೆಯನ್ನು ಕೊಳೆ ಎಂದು ತಿಳಿಯಬೇಡಿ. ನಾಣ್ಯವನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕಲಿಕೆಯ ದಿನಗಳಲ್ಲಿ ನಾನೇ ಒಂದು ವಿಕ್ಟೋರಿಯಾ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿದ್ದೆ. ರಾಣಿಯ ಕಿವಿಯ ಮೇಲಿನ ಕೂದಲ ಎಳೆಗಳು ಅದುವರೆಗೆ ಒಂದೊಂದಾಗಿ ಕಾಣುತ್ತಿದ್ದವು, ಆಮೇಲೆ ಕಾಣಲಿಲ್ಲ. ಆ ನಾಣ್ಯವನ್ನು ಈಗಲೂ ಇಟ್ಟುಕೊಂಡಿದ್ದೇನೆ, ತೊಳೆಯಲು ಹೊರಟವರಿಗೆ ತೋರಿಸಲೆಂದು.

ಪೂಜೆಗೆ ಇಡಲೇಬೇಕೆಂದರೆ ಸವೆದ ಎರಡು ನಾಣ್ಯಗಳನ್ನು ಅದಕ್ಕೆಂದೇ ಬೇರೆ ಮಾಡಿ, ಉಳಿದವನ್ನು ಅರಿಶಿನ ಕುಂಕುಮದಿಂದ ದೂರವಿಡಿ. ಕಟ್ಟಿಡುವಾಗ ರಬ್ಬರ್ ಬ್ಯಾಂಡ್ ಬೇಡ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮೆತ್ತನೆಯ ಪಿವಿಸಿ ಚೀಲಗಳೂ ಬೇಡ, ಕೆಲವು ವರ್ಷಗಳಲ್ಲಿ ಹಸಿರು ಜಿಡ್ಡು ಬಿಡುತ್ತವೆ. ಮುಟ್ಟುವಾಗ ಅಂಚನ್ನು ಮಾತ್ರ ಹಿಡಿಯಿರಿ.

ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ರೂಪಾಯಿಗಳಿಗೆ ಬೆಲೆ ಇಲ್ಲವೇ?

ಬಿಡಿ ನಾಣ್ಯವಾಗಿ ನೋಡಿದರೆ ಬೆಸುಗೆ ಬಿದ್ದದ್ದಕ್ಕೆ ಲೋಹದ ಬೆಲೆಯೇ ಗತಿ. ಕೊಂಡಿ ಕಿತ್ತು ಉಜ್ಜಿದರೂ ಆ ಗಾಯ ಅನುಭವಿಯ ಕಣ್ಣಿಗೆ ಬೀಳುತ್ತದೆ. ಆದರೆ ನಮ್ಮ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಉಡುಗೆಗೆ ಹೊಲಿದ, ಆಭರಣಕ್ಕೆ ಪೋಣಿಸಿದ ರೂಪಾಯಿಗಳ ಮಾತು ಬೇರೆ. ಅಲ್ಲಿ ಬೆಲೆ ಇಡೀ ಆಭರಣದ ಕೈಕೆಲಸಕ್ಕೆ. ಒಂದೊಂದೇ ನಾಣ್ಯವನ್ನು ಕಿತ್ತು ಮಾರಿದವರು ಎರಡೂ ಕಡೆ ನಷ್ಟಪಟ್ಟದ್ದನ್ನು ಕಂಡಿದ್ದೇನೆ.

ನಕಲಿ ನಾಣ್ಯವನ್ನು ಮನೆಯಲ್ಲೇ ಗುರುತಿಸಬಹುದೇ?

ತಕ್ಕಮಟ್ಟಿಗೆ ಗುರುತಿಸಬಹುದು. ಮೊದಲು ತೂಕ: ಚಿನಿವಾರರ ತಕ್ಕಡಿಯಲ್ಲಿ ರೂಪಾಯಿ 11.66 ಗ್ರಾಮಿಗಿಂತ ಸವೆತದಷ್ಟು ಕಡಿಮೆ ಇರಬಹುದು, ಹೆಚ್ಚು ಇರಬಾರದು. ಅಂಚಿನ ಗೆರೆಗಳು ಒಂದೇ ಸಮವಾಗಿರಬೇಕು. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಕೂಡುಗೆರೆ ಕಾಣುತ್ತದೆ, ಅಕ್ಷರಗಳು ಕರಗಿದ ಸೋಪಿನಂತೆ ಮೊಂಡಾಗಿರುತ್ತವೆ. ಅಯಸ್ಕಾಂತವನ್ನೊಂದೇ ನಂಬಬೇಡಿ. ತಾಮ್ರ-ನಿಕಲ್ ಮಿಶ್ರಣವೂ ಬೆಳ್ಳಿಯ ಹಾಗೆ ಅಂಟುವುದಿಲ್ಲ. 1947ರ ಅಸಲಿ ನಿಕಲ್ ರೂಪಾಯಿಯಾದರೋ ಅಂಟುತ್ತದೆ.

ನೀರಿನ ಪರೀಕ್ಷೆ ಹೆಚ್ಚು ಭರವಸೆಯದ್ದು. ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದುಕೊಳ್ಳಿ. ನಾಣ್ಯವನ್ನು ತೆಳ್ಳನೆಯ ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದಾಗ 1939ರವರೆಗಿನ ಬೆಳ್ಳಿ ರೂಪಾಯಿಗೆ 10.3ರ ಆಸುಪಾಸು ಬರಬೇಕು. 9ರ ಕೆಳಗೆ ಬಂದರೆ ಅದು ಬೆಳ್ಳಿಯಲ್ಲ. ದೊಡ್ಡ ಬೆಲೆಯ ನಾಣ್ಯವಾದರೆ ಎನ್‌ಜಿಸಿ, ಪಿಸಿಜಿಎಸ್‌ನಂತಹ, ನಾಣ್ಯದ ಅಸಲಿತನ ಮತ್ತು ಸ್ಥಿತಿಯನ್ನು ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಸಂಸ್ಥೆಗಳ ಪರೀಕ್ಷೆಗೆ ಕೊಡಬಹುದು. ಸಾಮಾನ್ಯ ನಾಣ್ಯಕ್ಕೆ ಆ ಖರ್ಚು ಗಿಟ್ಟುವುದಿಲ್ಲ.

ಡಬ್ಬಿ, ಪ್ರಮಾಣಪತ್ರ ಇಟ್ಟುಕೊಳ್ಳಬೇಕೇ?

ಖಂಡಿತ. ಈಚಿನ ಪ್ರೂಫ್ ನಾಣ್ಯಗಳಿಗೆ ಮೂಲ ಡಬ್ಬಿ ಇಲ್ಲದಿದ್ದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ. ನಾಣ್ಯವನ್ನು ಅದರ ಗುಂಡನೆಯ ಕ್ಯಾಪ್ಸೂಲಿನಿಂದ ಹೊರತೆಗೆಯಲೇಬೇಡಿ.

ಹಳೆಯ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತೇವೆಂದು ಫೋನ್ ಬಂದಿದೆ. ನೋಂದಣಿ ಶುಲ್ಕ ಕಟ್ಟಲೇ?

ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೊಳ್ಳುವವನು ಹಣ ಕೊಡಬೇಕೇ ಹೊರತು ಮಾರುವವನಿಂದ ಕೇಳುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಎಂದು ಹಣ ಕೀಳುವ ಈ ಜಾಲದ ಬಗ್ಗೆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಅದು ಹಳೆಯ ನಾಣ್ಯಗಳ ಇಂತಹ ವ್ಯವಹಾರದಲ್ಲಿ ಇಲ್ಲ, ಯಾರಿಗೂ ಅದಕ್ಕೆ ಅಧಿಕಾರ ಕೊಟ್ಟಿಲ್ಲ. ಹಾಗೆಯೇ ರಾಮನ ಪಟ್ಟಾಭಿಷೇಕದ ಚಿತ್ರ, ಹನುಮಂತನ ಚಿತ್ರವಿರುವ 1818ರ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ ಎಂದು ತೋರಿಸುವವು ಕಂಪನಿಯ ನಾಣ್ಯಗಳೇ ಅಲ್ಲ, ಈಚೆಗೆ ಮಾಡಿದ ಬಿಲ್ಲೆಗಳು. ಅಕ್ಕಿಯನ್ನು ಸೆಳೆಯುತ್ತದೆ ಎಂಬ ‘ರೈಸ್ ಪುಲ್ಲಿಂಗ್’ ನಾಣ್ಯದ ಮಾತು ಶುದ್ಧ ವಂಚನೆ. ಅದನ್ನು ನಂಬಿ ಹೊಲ ಮಾರಿಕೊಂಡವರ ಸುದ್ದಿ ಕೇಳಿದಾಗ ಕರುಳು ಕಿತ್ತು ಬರುತ್ತದೆ.

ಹೊಲ ಉಳುವಾಗ ಅಥವಾ ಪಾಯ ತೋಡುವಾಗ ನಾಣ್ಯ ಸಿಕ್ಕರೆ?

ಅದು ಮಾರುವ ವಸ್ತುವಲ್ಲ. ನೆಲದಲ್ಲಿ ಸಿಕ್ಕ ನಿಧಿಗೆ 1962ರ ಕರ್ನಾಟಕ ನಿಧಿ ಕಾಯಿದೆ ಅನ್ವಯಿಸುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಕೋಟೆಯ ಸಂರಕ್ಷಿತ ಪ್ರದೇಶದಲ್ಲಿ ಅಗೆಯುವುದಂತೂ ಅಪರಾಧ. ನಿಧಿಯಾಸೆಗೆ ದುರ್ಗದ ಸುತ್ತ ಎಷ್ಟು ಗುಡಿಗಳ ಬುಡ ಅಗೆದಿದ್ದಾರೆಂಬುದನ್ನು ಇಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ. ಯಾವ ಪದರದಲ್ಲಿ, ಯಾವ ಮಡಕೆಯ ಜೊತೆಗೆ ಸಿಕ್ಕಿತೆಂಬುದು ತಪ್ಪಿಹೋದರೆ ಆ ನಾಣ್ಯ ಹೇಳಬಹುದಾಗಿದ್ದ ಚರಿತ್ರೆಯೂ ಹೋಯಿತು. ಇನ್ನು, ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದ ನಾಣ್ಯವಾದರೂ ನೂರು ವರ್ಷ ತುಂಬಿದ್ದರೆ 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗಳ ಕೈಯಲ್ಲಿ ವಿಕ್ಟೋರಿಯಾ ರೂಪಾಯಿ ಕೊಟ್ಟು ಕಳಿಸುವವರು ಇದನ್ನು ಗಮನಿಸಬೇಕು.

ಅಪ್ಪನ ಸಂಗ್ರಹವನ್ನು ಮೂವರು ಮಕ್ಕಳು ಹಂಚಿಕೊಳ್ಳಬೇಕಿದೆ, ಅಥವಾ ಮಾರಬೇಕಿದೆ. ಎಲ್ಲಿಂದ ಆರಂಭಿಸಬೇಕು?

ಹಂಚುವ ಮೊದಲು ಪಟ್ಟಿ ಮಾಡಿರಿ. ಪ್ರತಿ ನಾಣ್ಯದ ಇಸವಿ, ತೂಕ, ಎರಡೂ ಬದಿಯ ಫೋಟೋ, ಅಪ್ಪ ಬರೆದಿಟ್ಟ ಚೀಟಿ ಇದ್ದರೆ ಅದು. ಚೀಟಿಯನ್ನು ನಾಣ್ಯದಿಂದ ಬೇರ್ಪಡಿಸಬೇಡಿ. ಆಮೇಲೆ ಮೂರು ಗುಂಪು ಮಾಡಿರಿ: ಲೋಹದ ಬೆಲೆಗೆ ಹೋಗುವಂಥವು, 1981ರ ಕ್ರೌನಿನಂತೆ ಮುಖಬೆಲೆಗಿಂತ ತುಸು ಹೆಚ್ಚಿನವು, ತಿಳಿದವರಿಗೆ ತೋರಿಸಬೇಕಾದವು. ಮೂರನೆಯ ಗುಂಪಿನಲ್ಲಿ ಐದಾರು ನಾಣ್ಯವಿದ್ದರೂ ಶ್ರಮ ಸಾರ್ಥಕ. ಅವುಗಳನ್ನು ಬೆಂಗಳೂರಿನ ನಾಣ್ಯ ಪ್ರದರ್ಶನಗಳಿಗೆ ಒಯ್ದು ಕನಿಷ್ಠ ಮೂವರು ವ್ಯಾಪಾರಿಗಳಿಂದ ಬೇರೆಬೇರೆಯಾಗಿ ಬೆಲೆ ಕೇಳಿರಿ. ಹರಾಜು ಸಂಸ್ಥೆಗೆ ಕೊಡುವುದಾದರೆ ಅವರ ಕಮಿಷನ್ ಎಷ್ಟು, ಹರಾಜಾಗದೆ ಉಳಿದರೆ ಖರ್ಚು ಯಾರದು, ಹಣ ಕೈಸೇರಲು ಎಷ್ಟು ದಿನ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬೆಲೆಪುಸ್ತಕದಲ್ಲಿ ಅಚ್ಚಾದ ಅಂಕಿಯನ್ನು ನೋಡಿ ಜಗಳವಾಡಬೇಡಿ. ಅದು ವ್ಯಾಪಾರಿ ಮಾರುವ ಬೆಲೆ, ಕೊಳ್ಳುವ ಬೆಲೆ ಅದಕ್ಕಿಂತ ಕೆಳಗೇ ಇರುತ್ತದೆ. ಇಂತಹದೇ ನಾಣ್ಯ, ಇದೇ ಸ್ಥಿತಿಯಲ್ಲಿ, ಈಚಿನ ಹರಾಜುಗಳಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತೆಂಬುದನ್ನು ನೋಡಿದರೆ ಮೂವರೂ ಒಪ್ಪುವ ಲೆಕ್ಕ ಸಿಗುತ್ತದೆ. ವರ್ಷಕ್ರಮವಾಗಿ ಪೂರ್ಣಗೊಳಿಸಿದ ಸರಣಿ ಇದ್ದರೆ ಅದನ್ನು ಮೂರು ಪಾಲು ಮಾಡದೆ ಒಬ್ಬರೇ ಇಟ್ಟುಕೊಂಡು, ಉಳಿದಿಬ್ಬರಿಗೆ ಅವರ ಪಾಲಿನ ಹಣ ಕೊಡುವುದು ಉತ್ತಮ.